ಚಿಪ್ ಕೀಳುವ ಮೊದಲು: ಹಳೇ ಮಿಡಿ ಮಾಡ್ಯೂಲಿನ ರೋಮ್‌ಗಳನ್ನು ಗುರುತಿಸಿ ಉಳಿಸಿಕೊಳ್ಳುವ ಬಗೆ

ಮಳೆಗಾಲಕ್ಕೆ ಹದಿನೈದು ದಿನ ಇರುವಾಗ ಶಿರಸಿಯಿಂದ ಒಬ್ಬರು ಕಾರವಾರಕ್ಕೆ ಬಂದರು. ಒಂದು ಕಾಲದಲ್ಲಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು, ಈಗ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಕೈಯಲ್ಲಿ ಕೈಚೀಲ, ಒಳಗೆ ಟವೆಲ್ ಸುತ್ತಿದ ಕಪ್ಪು ಪೆಟ್ಟಿಗೆ. ಕೀಬೋರ್ಡಿಗೆ ಮಿಡಿ ಕೇಬಲ್ (ಯಾವ ಸ್ವರ ಒತ್ತಿದಿರಿ ಎಂಬ ಸಂದೇಶ ಒಯ್ಯುವ ತಂತಿ) ಹಾಕಿ ನುಡಿಸುವ, ದನಿ ಹೊರಡಿಸುವ ಹಳೇ ಸೌಂಡ್ ಮಾಡ್ಯೂಲ್. "ತಮಾ, ಮಾರಿಜಾತ್ರೆಲಿ ನುಡಿಸಿದ್ದೇ ಕಡೆ. ಈಗ ಉಸಿರೇ ಬಿಡ್ತಿಲ್ಲೆ" ಎಂದರು.

ಮುಚ್ಚಳ ತೆಗೆದು ನೋಡಿದರೆ ಒಳಗಿನ ಒಂದು ಚಿಪ್ಪಿನ ಮೇಲಿದ್ದ ಸ್ಟಿಕ್ಕರ್ ಇಲ್ಲ. ಕೇಳಿದ್ದಕ್ಕೆ, ನಂಬರ್ ಓದೋಣ ಅಂತ ತಾವೇ ಕೆರೆದು ತೆಗೆದದ್ದಾಗಿ ಹೇಳಿದರು. ತೆಗೆದು ಎಷ್ಟು ದಿನ ಆಯಿತು? ನಾಲ್ಕು ದಿನ. ಪೆಟ್ಟಿಗೆ ಎಲ್ಲಿಟ್ಟಿದ್ದಿರಿ? ಒಣಗಲಿ ಅಂತ ಅಂಗಳದಲ್ಲಿ, ಮುಚ್ಚಳ ತೆಗೆದು, ಅಡಿಕೆ ಪಕ್ಕದಲ್ಲಿ.

ನನಗೆ ಎದೆ ಧಸಕ್ಕೆಂದಿತು. ಯಾಕೆಂದು ಮುಂದೆ ಹೇಳುತ್ತೇನೆ. ಈ ಲೇಖನ ಬರೆಯಲು ಕೂತದ್ದೇ ಆ ಸ್ಟಿಕ್ಕರಿನಿಂದ. ನಮ್ಮ ಕಡೆ ಚರ್ಚಿನ ಕ್ವಾಯರ್‌ಗಳಲ್ಲಿ, ಹಳೇ ಆರ್ಕೆಸ್ಟ್ರಾದವರ ಅಟ್ಟದಲ್ಲಿ, ಗೋವಾ ಹೋಟೆಲುಗಳಲ್ಲಿ ನುಡಿಸಿ ಬಂದವರ ಮನೆಯಲ್ಲಿ ಇಂಥ ಪೆಟ್ಟಿಗೆಗಳು ಇನ್ನೂ ಇವೆ. ಕೆಟ್ಟಿವೆ ಎಂದುಕೊಂಡದ್ದರಲ್ಲಿ ಅರ್ಧಕ್ಕರ್ಧ ಕೆಟ್ಟಿರುವುದಿಲ್ಲ. ಸರಿಮಾಡಲು ಹೋದಾಗ ಕೆಡುತ್ತವೆ.

ಒಳಗೆ ಏನಿದೆ

ಸೌಂಡ್ ಮಾಡ್ಯೂಲಿನೊಳಗೆ ಮೂರು ಬಗೆಯ ನೆನಪು ಇರುತ್ತದೆ. ಒಂದು ಪ್ರೋಗ್ರಾಮ್ ರೋಮ್ (ರೋಮ್ ಅಂದರೆ ಕರೆಂಟು ಹೋದರೂ ಮರೆಯದ, ಓದಲಷ್ಟೇ ಬರುವ ನೆನಪಿನ ಚಿಪ್). ಪೆಟ್ಟಿಗೆ ಹೇಗೆ ನಡೆಯಬೇಕು, ಡಿಸ್‌ಪ್ಲೇಯಲ್ಲಿ ಏನು ಬರಬೇಕು, ಯಾವ ಗುಂಡಿ ಒತ್ತಿದರೆ ಏನಾಗಬೇಕು ಎಂಬುದೆಲ್ಲ ಇದರಲ್ಲಿ. ಎರಡನೆಯದು ವೇವ್ ರೋಮ್. ಪಿಯಾನೊ, ಡ್ರಮ್, ತಂತಿವಾದ್ಯದ ನಿಜವಾದ ದನಿಯ ತುಣುಕುಗಳು ಇಲ್ಲಿ. ಮೂರನೆಯದು ರ‍್ಯಾಮ್. ನೀವು ತಿದ್ದಿ ಇಟ್ಟುಕೊಂಡ ದನಿಗಳು ಇದರಲ್ಲಿ ಕೂತಿರುತ್ತವೆ, ನಾಣ್ಯದ ಗಾತ್ರದ ಒಂದು ಬ್ಯಾಟರಿಯ ದಯೆಯಿಂದ.

ಗಾತ್ರ ಕೇಳಿದರೆ ಈಗಿನ ಹುಡುಗರು ನಗುತ್ತಾರೆ. ರೋಲ್ಯಾಂಡ್ ಕಂಪನಿಯ 1987ರ ಎಂಟಿ-32 ಮಾಡ್ಯೂಲಿನ ಪ್ರೋಗ್ರಾಮ್ ರೋಮ್ 64 ಕೆಬಿ, ದನಿಯ ರೋಮ್ 512 ಕೆಬಿ. ಅದೇ ಕಂಪನಿಯ 1991ರ ಎಸ್‌ಸಿ-55ರಲ್ಲಿ ದನಿಗೆ ಮೂರು ಚಿಪ್, ತಲಾ 1 ಎಂಬಿ. ವಾಟ್ಸಾಪಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರದಷ್ಟು ಜಾಗದಲ್ಲಿ ಒಂದಿಡೀ ಆರ್ಕೆಸ್ಟ್ರಾ.

ರೋಮ್‌ಗಳಲ್ಲೇ ಎರಡು ಜಾತಿ. ಕೆಲವು ಮಾಸ್ಕ್ ರೋಮ್. ಇವುಗಳಲ್ಲಿ ಮಾಹಿತಿ ಕಾರ್ಖಾನೆಯಲ್ಲಿ ಸಿಲಿಕಾನ್ ಮೇಲೆಯೇ ಅಚ್ಚಾಗಿರುತ್ತದೆ. ಕಲ್ಲಿನ ಮೇಲೆ ಕೆತ್ತಿದ ಹಾಗೆ, ಸೋರಿ ಹೋಗುವ ಮಾತಿಲ್ಲ. ಇನ್ನು ಕೆಲವು ಈಪ್ರಾಮ್. ಇವುಗಳ ನೆತ್ತಿಯ ಮೇಲೆ ಸಣ್ಣ ಗಾಜಿನ ಕಿಟಕಿ ಇರುತ್ತದೆ. ಒಂದೊಂದು ಬಿಟ್ಟೂ ಒಳಗೆ ಹಿಡಿದಿಟ್ಟ ಚಿಟಿಕೆ ವಿದ್ಯುತ್ತು, ಅಷ್ಟೆ. ಅತಿನೇರಳೆ ಬೆಳಕು ಬಿದ್ದರೆ ಅದು ಹೊರಟುಹೋಗುತ್ತದೆ. ಅಳಿಸಲೆಂದೇ ಆ ಕಿಟಕಿ ಇಟ್ಟಿದ್ದು. ಬೇಡದ ಬೆಳಕು ಒಳಗೆ ಹೋಗದಿರಲಿ ಎಂದೇ ಅದರ ಮೇಲೆ ಸ್ಟಿಕ್ಕರ್. ಹಳೇ ಡೇಟಾಶೀಟುಗಳಲ್ಲಿ ಬರೆದಿರುವ ಲೆಕ್ಕ ಹೀಗಿದೆ: ಟ್ಯೂಬ್‌ಲೈಟಿನ ಬೆಳಕು ಸದಾ ಬೀಳುತ್ತಿದ್ದರೆ ಸುಮಾರು 3 ವರ್ಷದಲ್ಲಿ ಅಳಿಯಬಹುದು, ನೇರ ಬಿಸಿಲಿಗಿಟ್ಟರೆ ಸುಮಾರು 1 ವಾರ ಸಾಕು.

ಅಂಗಳದಲ್ಲಿ ನಾಲ್ಕು ದಿನ. ಈಗ ಗೊತ್ತಾಯಿತಲ್ವಾ?

ಮುಚ್ಚಳಕ್ಕೆ ಕೈ ಹಾಕುವ ಮೊದಲು

ಮೊದಲು ಅಡಾಪ್ಟರ್ ನೋಡಿ. ಎಂಟಿ-32, ಎಸ್‌ಸಿ-55 ಎರಡಕ್ಕೂ 9 ವೋಲ್ಟ್ ಡಿಸಿ ಬೇಕು, ಅದೂ ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ಪೇಟೆಯಲ್ಲಿ ಸಿಗುವ ಮಾಮೂಲಿ ಅಡಾಪ್ಟರುಗಳಲ್ಲಿ ಹೆಚ್ಚಿನವು ಇದರ ಉಲ್ಟಾ. ಪಿನ್ ಹಿಡಿಸಿತು ಅಂದಮಾತ್ರಕ್ಕೆ ಚುಚ್ಚಬೇಡಿ. ಪೆಟ್ಟಿಗೆಯ ಹಿಂದೆ ಚಿತ್ರ ಇರುತ್ತದೆ, ಮಲ್ಟಿಮೀಟರ್ ಹಿಡಿದು ಅದಕ್ಕೆ ತಾಳೆ ನೋಡಿ. ನೇರ ಕರೆಂಟಿಗೆ ಹಾಕುವ ಪೆಟ್ಟಿಗೆಯಾದರೆ ಹಿಂದೆ 100 ವೋಲ್ಟ್ ಎಂದಿದೆಯೋ, 230 ಎಂದಿದೆಯೋ ಓದಿ. ಜಪಾನಿನಿಂದ ನೇರ ಬಂದದ್ದು 100ರದು. ನಮ್ಮ ಪ್ಲಗ್ಗಿಗೆ ಹಾಕಿದರೆ ಒಂದೇ ಹೊಗೆ.

ಎರಡನೆಯದು, ಪೆಟ್ಟಿಗೆ ಇನ್ನೂ ನಡೆಯುತ್ತಿದ್ದರೆ ರ‍್ಯಾಮಿನಲ್ಲಿರುವುದನ್ನು ಮೊದಲು ಹೊರಗೆ ತೆಗೆಯಿರಿ. ರೋಮ್ ಪ್ರಪಂಚದಲ್ಲಿ ಬೇರೆ ಎಲ್ಲೋ ಇನ್ನೊಂದು ಪ್ರತಿ ಇದ್ದೀತು. ನೀವು 1992ರಲ್ಲಿ ತಿದ್ದಿ ಮಾಡಿಕೊಂಡ ಶಹನಾಯಿ ದನಿಗೆ ಇನ್ನೊಂದು ಪ್ರತಿ ಇಲ್ಲ. ಮೆನುವಿನಲ್ಲಿ ಬಲ್ಕ್ ಡಂಪ್ ಎಂದಿರುತ್ತದೆ, ಅಂದರೆ ಒಳಗಿದ್ದದ್ದನ್ನೆಲ್ಲ ಒಟ್ಟಿಗೆ ಹೊರಗೆ ಕಳಿಸುವುದು. ಮಿಡಿ ಔಟ್‌ನಿಂದ ಕಂಪ್ಯೂಟರಿಗೆ ಕೇಬಲ್ ಹಾಕಿ, ಸಿಸೆಕ್ಸ್ (ಮಾಡ್ಯೂಲಿನ ಸ್ವಂತ ಮಾಹಿತಿ ಹೊತ್ತ ಮಿಡಿ ಸಂದೇಶ) ಹಿಡಿಯುವ ಯಾವುದಾದರೂ ತಂತ್ರಾಂಶದಲ್ಲಿ ಉಳಿಸಿಕೊಳ್ಳಿ. ಅಗ್ಗದ ಯುಎಸ್‌ಬಿ-ಮಿಡಿ ಕೇಬಲ್‌ಗಳಲ್ಲಿ ಉದ್ದದ ಸಂದೇಶ ಅರ್ಧಕ್ಕೆ ತುಂಡಾಗುವುದುಂಟು. ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್, ಅಂದರೆ ಹೆಚ್ಚೆಂದರೆ 3,125 ಬೈಟ್. 32 ಕೆಬಿ ಬರಲು ಹತ್ತು ಸೆಕೆಂಡಿಗಿಂತ ಜಾಸ್ತಿ ಹಿಡಿಯಲೇಬೇಕು. ಎರಡೇ ಸೆಕೆಂಡಿಗೆ ಮುಗಿಯಿತು ಅಂದರೆ ಖುಷಿಪಡಬೇಡಿ. ಎಲ್ಲೋ ನುಂಗಿ ಹೋಗಿದೆ.

ಎಂಟಿ-32ರಲ್ಲಿ ಈ ತಲೆಬಿಸಿ ಇಲ್ಲ. ಅದಕ್ಕೆ ಬ್ಯಾಟರಿಯೇ ಇಲ್ಲ, ಸ್ವಿಚ್ ಆರಿಸಿದರೆ ತಿದ್ದಿದ್ದೆಲ್ಲ ಮರೆಯುತ್ತದೆ.

ತೆರೆದು, ಫೋಟೋ ತೆಗೆದು, ಸುಮ್ನೆ ಕೂತು

ಪ್ಲಗ್ ತೆಗೆಯಿರಿ. ಒಂದರ್ಧ ತಾಸು ಬಿಡಿ. ಆಮೇಲೆ ಸ್ಕ್ರೂ. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ರಟ್ಟಿಗೆ ಚುಚ್ಚಿಡಿ.

ಕೈಯ ಸ್ಥಿರವಿದ್ಯುತ್ ಹೋಗಲು ಅರ್ತಿಂಗ್ ಇರುವ ಲೋಹ ಮುಟ್ಟಿ ಎನ್ನುತ್ತಾರೆ. ನಮ್ಮ ಕಡೆ ಎಷ್ಟೋ ಹಳೇ ಮನೆಗಳ ಪ್ಲಗ್ಗಿನಲ್ಲಿ ಮೂರನೇ ತೂತು ಬರೀ ಚಂದಕ್ಕೆ. ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಮಳೆಗಾಲದಲ್ಲಿ ಗಾಳಿ ಒದ್ದೆಯಾದ್ದರಿಂದ ಸ್ಥಿರವಿದ್ಯುತ್ ಕಾಟ ಕಡಿಮೆ. ಘಟ್ಟದ ಮೇಲೆ ಚಳಿಗಾಲದ ಒಣ ಗಾಳಿಯಲ್ಲಿ ಜಾಸ್ತಿ.

ಬೋರ್ಡು ಕಂಡ ಕೂಡಲೇ ಏನನ್ನೂ ಮುಟ್ಟದೆ ಫೋಟೋ ತೆಗೆಯಿರಿ. ಇಡೀ ಬೋರ್ಡಿನದು ಒಂದು, ಆಮೇಲೆ ಪ್ರತಿ ಚಿಪ್ಪಿನದು ಹತ್ತಿರದಿಂದ. ಅಕ್ಷರ ಮಾಸಿದ್ದರೆ ಟಾರ್ಚನ್ನು ಒಂದು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಎದ್ದು ಕಾಣುತ್ತದೆ. ಬೋರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಐಸಿ 12, ಐಸಿ 13 ಎಂದೆಲ್ಲ ಬರೆದಿರುತ್ತದೆ. ಅದೂ ಫೋಟೋದಲ್ಲಿ ಬರಲಿ. ಚಿಪ್ಪಿನ ಒಂದು ತುದಿಯಲ್ಲಿ ಕಚ್ಚು ಅಥವಾ ಚುಕ್ಕೆ ಇದೆ, ಅದು ಯಾವ ಕಡೆ ಮುಖ ಮಾಡಿದೆ ಎಂಬುದೂ. ತಿರುಗುಮುರುಗಾಗಿ ಕೂರಿಸಿದರೆ ಪ್ಲಸ್ ಇರಬೇಕಾದಲ್ಲಿ ಮೈನಸ್ ಬರುತ್ತದೆ. 28 ಕಾಲಿನ ಚಿಪ್ಪಿನಲ್ಲಿ 14ನೇ ಕಾಲು ಗ್ರೌಂಡ್, 28ನೆಯದು 5 ವೋಲ್ಟ್, ಎರಡೂ ಎದುರುಬದುರು ಮೂಲೆಯಲ್ಲಿವೆ. ಹತ್ತೇ ಸೆಕೆಂಡಿಗೆ ಬೆರಳು ಇಡಲಾರದಷ್ಟು ಬಿಸಿಯಾಗುತ್ತದೆ.

ಇದೇ ಹೊತ್ತಿಗೆ ಸಣ್ಣ ಕೆಪಾಸಿಟರುಗಳ ಬುಡ ನೋಡಿ. ಹಳೆಯವು ಸೋರಿ ಬೋರ್ಡಿನ ತಾಮ್ರ ತಿನ್ನುತ್ತವೆ. ಸೋರಿದ್ದಕ್ಕೆ ಮೀನಿನ ವಾಸನೆ ಬರುತ್ತದೆ, ಮೂಗಿನಿಂದಲೇ ಹಿಡಿಯಬಹುದು ಎನ್ನುತ್ತಾರೆ ತಿಳಿದವರು. ಕಾರವಾರದಲ್ಲಿ ಮೀನು ಮಾರ್ಕೆಟ್ಟಿನಿಂದ ನಾಲ್ಕು ಹೆಜ್ಜೆಯಲ್ಲಿ ಕೂತವನಿಗೆ ಆ ಉಪಾಯ ದಕ್ಕುವುದಿಲ್ಲ. ನಾನು ಭೂತಗನ್ನಡಿಯನ್ನೇ ನಂಬುತ್ತೇನೆ.

ನಂಬರ್ ಓದುವುದು

ಇದೇ ಈ ಕೆಲಸದ ಸ್ವಾರಸ್ಯದ ಭಾಗ. ಅವಸರ ಬೇಡ.

ನಂಬರಿನೊಳಗೆ 27 ಅಥವಾ 27ಸಿ ಇದ್ದರೆ ಈಪ್ರಾಮ್ ಜಾತಿ. ಮುಂದಿನ ಅಂಕಿ ಅದರ ಅಳತೆ, ಆದರೆ ಕಿಲೋಬಿಟ್‌ನಲ್ಲಿ. ಎಂಟರಿಂದ ಭಾಗಿಸಿದರೆ ಕಿಲೋಬೈಟ್ ಬರುತ್ತದೆ. 27ಸಿ256 ಅಂದರೆ 32 ಕೆಬಿ. 27ಸಿ512 ಅಂದರೆ 64. ಆಮೇಲೆ ಲೆಕ್ಕ ಮೆಗಾಬಿಟ್‌ಗೆ ಜಿಗಿಯುತ್ತದೆ: 27ಸಿ010 ಅಂದರೆ 128 ಕೆಬಿ, 020 ಅಂದರೆ 256, 040 ಅಂದರೆ 512. ಮೊದಲೆರಡು 28 ಕಾಲಿನವು, ಉಳಿದವು 32 ಕಾಲಿನವು. ನಂಬರಿನ ಮುಂದೆ ಕಂಪನಿಯ ಗುರುತು ಇರುತ್ತದೆ. ಎಎಂ ಅಂದರೆ ಎಎಂಡಿ, ಟಿಎಂಎಸ್ ಅಂದರೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಎಚ್‌ಎನ್ ಅಂದರೆ ಹಿಟಾಚಿ, ಎಂಬಿಎಂ ಅಂದರೆ ಫುಜಿತ್ಸು. ತೋಶಿಬಾದವರು ಮಾತ್ರ ಎಷ್ಟೋ ಚಿಪ್ಪುಗಳಿಗೆ 27ರ ಗೊಡವೆಗೆ ಹೋಗದೆ ಟಿಸಿ57 ಎಂದು ಹಾಕುತ್ತಿದ್ದರು.

ಮಾಸ್ಕ್ ರೋಮ್ ಆದರೆ ಹಿಟಾಚಿಯದು ಎಚ್‌ಎನ್62 ಎಂದು ಶುರುವಾಗುತ್ತದೆ, ಶಾರ್ಪ್‌ನದು ಎಲ್‌ಎಚ್53, ತೋಶಿಬಾದ್ದು ಟಿಸಿ53, ಎನ್‌ಇಸಿಯದರಲ್ಲಿ 23ಸಿ ಇರುತ್ತದೆ. ಎಷ್ಟೋ ಸಲ ಇದಾವುದೂ ಇರುವುದಿಲ್ಲ, ಮಾಡ್ಯೂಲ್ ಕಂಪನಿಯ ಸ್ವಂತ ನಂಬರ್ ಮಾತ್ರ. ಆಗ ಆ ಮಾಡ್ಯೂಲಿನ ಸರ್ವಿಸ್ ಮ್ಯಾನುಯಲ್ ಹುಡುಕಿ. ಐಸಿ ಪಟ್ಟಿಯಲ್ಲಿ ಆ ನಂಬರಿನ ಎದುರು ಯಾವ ಜಾತಿ, ಎಷ್ಟು ಗಾತ್ರ ಎಂದಿರುತ್ತದೆ.

ಎರಡು ಕಡೆ ಎಲ್ಲರೂ ಎಡವುತ್ತಾರೆ. ಒಂದು, ಎಚ್‌ಎನ್62 ಮತ್ತು ಎಚ್‌ಎಂ62. ಎರಡೂ ಹಿಟಾಚಿಯವು. ಮಾಸಿದ ಅಕ್ಷರದಲ್ಲಿ ಅವಳಿ ಮಕ್ಕಳ ಹಾಗೆ ಕಾಣುತ್ತವೆ. ಆದರೆ ಎಚ್‌ಎಂ62256 ರೋಮ್ ಅಲ್ಲ, ರ‍್ಯಾಮ್. ಅದನ್ನು ಕಿತ್ತು ಓದಲು, ಅಂದರೆ ಒಳಗಿನ ಮಾಹಿತಿಯನ್ನು ಕಂಪ್ಯೂಟರಿಗೆ ಪ್ರತಿ ಮಾಡಲು ಕೂತರೆ ಕಸ ಬರುತ್ತದೆ. ಕೀಳುವಾಗಲೇ ಬ್ಯಾಟರಿ ತಪ್ಪಿ ಒಳಗಿದ್ದದ್ದೂ ಹೋಗಿರುತ್ತದೆ. ಹತ್ತಿರದಲ್ಲಿ ಬ್ಯಾಟರಿ ಕಂಡರೆ ಅನುಮಾನ ಇಟ್ಟುಕೊಳ್ಳಿ.

ಎರಡನೆಯದು ಇನ್ನೂ ಕಿಲಾಡಿ. ಹಿಟಾಚಿಯ ಎಚ್‌ಎನ್27ಸಿ101, ಎಚ್‌ಎನ್27ಸಿ301 ಎರಡೂ 128 ಕೆಬಿಯ ಈಪ್ರಾಮ್, ಎರಡಕ್ಕೂ 32 ಕಾಲು, ಎರಡಕ್ಕೂ ಕಿಟಕಿ. 101ರ ಕಾಲುಗಳ ಕ್ರಮ ಮಾಮೂಲಿ 27ಸಿ010ರದೇ. 301ರದು ಹಳೇ ಮಾಸ್ಕ್ ರೋಮ್‌ಗಳ ಕ್ರಮ. 2ನೇ ಕಾಲು ಮತ್ತು 24ನೇ ಕಾಲಿನ ಕೆಲಸ ಅದಲುಬದಲು. 27ಸಿ010 ಎಂದುಕೊಂಡು ಓದಿಸಿದರೆ ತಪ್ಪು ಬರುತ್ತದೆ, ಚಿಪ್ ಸತ್ತಿದೆ ಎಂದು ನೀವು ತೀರ್ಮಾನಿಸುತ್ತೀರಿ. ಸತ್ತಿರುವುದಿಲ್ಲ ಪಾಪ. ಆ ಎರಡು ಕಾಲು ಅದಲುಬದಲು ಮಾಡುವ ಅಡಾಪ್ಟರ್ ಸಾಕೆಟ್ ಒಂದನ್ನು ಮನೆಯಲ್ಲೇ ಬೆಸೆದುಕೊಂಡರೆ ಆಯಿತು.

ಸ್ಟಿಕ್ಕರಿನ ಕೆಳಗೆ ನಂಬರ್ ಇದ್ದರೆ? ಸ್ಟಿಕ್ಕರ್ ಕೀಳಬೇಡಿ. ಅದರ ಮೇಲೆ ಬರೆದಿರುವ ವರ್ಶನ್ ನಂಬರೂ ದಾಖಲೆಯೇ. ಕಾಲು ಎಣಿಸಿ, ಮ್ಯಾನುಯಲ್ ನೋಡಿ. ಇಲ್ಲವೇ ಬಿಸಿಲಿಲ್ಲದ ಕೋಣೆಯಲ್ಲಿ ಒಂದು ಮೂಲೆಯನ್ನಷ್ಟೇ ಮೆಲ್ಲಗೆ ಎತ್ತಿ, ಓದಿ, ಮತ್ತೆ ಒತ್ತಿ.

ಕೀಳಬೇಕೋ ಬೇಡವೋ

ಇಲ್ಲಿ ನನ್ನದು ಸ್ವಲ್ಪ ಹಠದ ಅಭಿಪ್ರಾಯ. ಕಿಟಕಿ ಇರುವ, ಸಾಕೆಟ್ಟಿನಲ್ಲಿ (ಬೆಸೆಯದೆ ಚಿಪ್ ಸಿಕ್ಕಿಸುವ ತೂತುಗಳ ಚೌಕಟ್ಟಿನಲ್ಲಿ) ಕೂತ ಚಿಪ್ ಇದ್ದರೆ ಅದನ್ನು ಓದಿ ಇಟ್ಟುಕೊಳ್ಳಿ. ವಿದ್ಯುತ್ ಸೋರಿ ಮರೆಯುವ ಭಯ ಇರುವುದು ಅಂಥ ಈಪ್ರಾಮಿಗೆ, ಮಾಸ್ಕ್ ರೋಮಿಗಲ್ಲ. ಬೋರ್ಡಿಗೆ ನೇರ ಬೆಸೆದಿರುವ ಮಾಸ್ಕ್ ರೋಮ್‌ಗಳನ್ನು, ಅಂದರೆ ಹೆಚ್ಚುಕಡಿಮೆ ಎಲ್ಲ ವೇವ್ ರೋಮ್‌ಗಳನ್ನು, ಮುಟ್ಟಲೇಬೇಡಿ. ಅವು ನಮಗಿಂತ ಜಾಸ್ತಿ ದಿನ ಬಾಳುತ್ತವೆ. ಕೀಳುವಾಗ ಬೋರ್ಡಿನ ತಾಮ್ರ ಎದ್ದು ಬಂದರೆ ಉಳಿಸಲು ಹೋದವರೇ ಕೊಂದ ಹಾಗೆ. ಬೋರ್ಡೇ ಸತ್ತು, ಇನ್ನು ಯಾವುದಕ್ಕೂ ಬಾರದು ಎಂದಾದರೆ ಮಾತು ಬೇರೆ. ಆಗ ಬಿಸಿಗಾಳಿ ಯಂತ್ರ ಇರುವವರಿಂದ ಕೀಳಿಸಿ.

ಇನ್ನೊಂದು ವಿಷಯವೂ ಇದೆ. ಕೆಲವದರಲ್ಲಿ ಪ್ರೋಗ್ರಾಮಿನ ಒಂದು ಭಾಗ ಪ್ರೊಸೆಸರಿನ ಹೊಟ್ಟೆಯಲ್ಲೇ ಇರುತ್ತದೆ. ಎಸ್‌ಸಿ-55ರ ಹಿಟಾಚಿ ಎಚ್8 ಪ್ರೊಸೆಸರಿನೊಳಗೆ 32 ಕೆಬಿ ಮಾಸ್ಕ್ ರೋಮ್ ಇದೆ. ನಮ್ಮ ನಿಮ್ಮ ಮೇಜಿನ ಮೇಲಿನ ಪ್ರೋಗ್ರಾಮರಿಗೆ, ಅಂದರೆ ಚಿಪ್ ಓದಿ ಬರೆಯುವ ಯಂತ್ರಕ್ಕೆ, ಅದು ಸಿಗುವುದಿಲ್ಲ. ಹೊರಗಿನ ಚಿಪ್ಪುಗಳನ್ನೆಲ್ಲ ಓದಿದೆವು, ಪೂರ್ತಿ ಪ್ರತಿ ಸಿಕ್ಕಿತು ಎಂದುಕೊಳ್ಳಬೇಡಿ ಅಂತ ಹೇಳಿದೆ.

ಕಡಲ ಕಡೆಯವರಿಗೆ ಒಂದು ಮಾತು

ಬೇರೆ ಊರಿನವರು ಬರೆದ ಮಾರ್ಗದರ್ಶಿಗಳಲ್ಲಿ ಸಾಕೆಟ್ಟಿನ ಚಿಪ್ ಕೀಳುವುದು ಎರಡು ಸಾಲಿನ ಕೆಲಸ. ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ಹಾಗಲ್ಲ. ಈಪ್ರಾಮಿನ ಕಾಲುಗಳು ಕಬ್ಬಿಣ-ನಿಕಲ್ ಬೆರಕೆಯವು, ಆಯಸ್ಕಾಂತಕ್ಕೆ ಅಂಟುತ್ತವೆ. ಮೇಲಿನ ತೆಳು ಲೇಪ ಹೋದರೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿಯುವ ಜಾಗವೂ ನೋಡಿ, ಕಾಲು ಸಾಕೆಟ್ಟಿನೊಳಗೆ ಇಳಿಯುವ ಕುತ್ತಿಗೆಯಲ್ಲಿ. ಹೊರಗಿನಿಂದ ಕಾಣುವುದಿಲ್ಲ.

ನಾನು ಮೊದಲ ಸಲ ಕಿತ್ತಾಗ ಆದದ್ದು ಇದೇ. ದಪ್ಪ ಸ್ಕ್ರೂಡ್ರೈವರ್ ಒಂದು ಕಡೆಯಿಂದ ತೂರಿಸಿ ಮೀಟಿದೆ. ಚಿಪ್ ಟಕ್ ಎಂದು ಎದ್ದು ಬಂತು. ಬೋರ್ಡ್ ನೋಡಿದರೆ ಸಾಕೆಟ್ಟಿನ ಒಂದು ತೂತಿನಲ್ಲಿ ಕಾಲು ಹಾಗೇ ನಿಂತಿದೆ. ಬಾಯಿ ತೆರೆಯದ ಚಿಪ್ಪಿಕಲ್ಲನ್ನು ಚಾಕುವಿನಲ್ಲಿ ಮೀಟಿದ ಹಾಗೆ ಮೀಟಿದ್ದೆ, ತಪ್ಪು ನನ್ನದೇ. ಅದೃಷ್ಟಕ್ಕೆ ಚಿಪ್ಪಿನ ಹೆಗಲ ಹತ್ತಿರ ಕಾಲಿನ ತುಂಡು ಒಂದು ಮಿಲಿಮೀಟರಿನಷ್ಟು ಉಳಿದಿತ್ತು. ತುಕ್ಕು ಕೆರೆದು, ರೆಸಿಸ್ಟರಿನಿಂದ ಕತ್ತರಿಸಿದ ತಂತಿಯನ್ನು ಅದಕ್ಕೆ ಬೆಸೆದೆ. ಓದುವಷ್ಟು ಹೊತ್ತು ನಿಂತಿತು.

ಆಮೇಲೆ ಕಲಿತ ಕ್ರಮ ಹೀಗಿದೆ. ಮೊದಲು ಉಪ್ಪು ತೆಗೆಯಬೇಕು. ಎಲ್ಲರೂ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಎನ್ನುತ್ತಾರೆ. ಎಣ್ಣೆ ಜಿಡ್ಡಿಗೆ ಸರಿ, ಆದರೆ ಉಪ್ಪು ಅದರಲ್ಲಿ ಕರಗುವುದೇ ಇಲ್ಲ ಅನ್ನಬೇಕು. ಉಪ್ಪಿಗೆ ನೀರೇ ಬೇಕು. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಂಗಡಿಯಲ್ಲಿ ಸಿಗುತ್ತದೆ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ಡೂ ಸಿಗುತ್ತದೆ, ಲೇಬಲ್ ಎರಡು ಸಲ ಓದಿ ತನ್ನಿ. ಬೋರ್ಡಿನಲ್ಲಿ ಬ್ಯಾಟರಿ ಇದ್ದರೆ ಅದರ ಸುತ್ತ ನೀರು ಒಯ್ಯಬೇಡಿ. ಮೆತ್ತನೆ ಬ್ರಶ್ಶನ್ನು ನೀರಲ್ಲಿ ಅದ್ದಿ, ಕೊಡವಿ, ಸಾಕೆಟ್ಟಿನ ಅಂಚಿಗೆ ಹಚ್ಚಿ. ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಅದಾದ ಮೇಲೆ ಆಲ್ಕೋಹಾಲ್, ಉಳಿದ ನೀರನ್ನು ಅದು ಎಳೆದುಕೊಂಡು ಹಾರುತ್ತದೆ. ಫ್ಯಾನಿನ ಕೆಳಗೆ ಒಂದು ರಾತ್ರಿ ಬಿಡಿ. ಬಿಸಿಲಿಗೆ ಬೇಡ.

ಕೀಳಲು ತೆಳ್ಳನೆ ಚಪ್ಪಟೆ ಸ್ಕ್ರೂಡ್ರೈವರ್. ಚಿಪ್ ಮತ್ತು ಸಾಕೆಟ್ ನಡುವೆ ಹೋಗಬೇಕು. ಸಾಕೆಟ್ ಮತ್ತು ಬೋರ್ಡ್ ನಡುವೆ ಹೋದರೆ ಸಾಕೆಟ್ಟೇ ಕಿತ್ತು ಬರುತ್ತದೆ. ಈ ತುದಿ ಕೂದಲೆಳೆಯಷ್ಟು ಎತ್ತಿ, ಆ ತುದಿಗೆ ಹೋಗಿ, ಮತ್ತೆ ಈ ತುದಿ. ಹತ್ತು ಹನ್ನೆರಡು ಸಲ. ಎಲ್ಲಾದರೂ ಬಿಗಿ ಅನ್ನಿಸಿದರೆ ನಿಲ್ಲಿಸಿ, ಚಾ ಕುಡಿದು ಬನ್ನಿ. ಬಂದ ಮೇಲೆ ಕಾಲುಗಳ ಕಪ್ಪನ್ನು ಪೆನ್ಸಿಲ್ ರಬ್ಬರಿನಿಂದ ಮೇಲಿನಿಂದ ಕೆಳಗೆ ಒರೆಸಿ. ಅಡ್ಡ ಉಜ್ಜಿದರೆ ಬಾಗುತ್ತವೆ.

ಓದುವುದು

ಯುಎಸ್‌ಬಿ ಪ್ರೋಗ್ರಾಮರ್ ಒಂದು ಬೇಕು. ಹವ್ಯಾಸಿಗಳ ಕೈಯಲ್ಲಿ ಜಾಸ್ತಿ ಇರುವುದು ಟಿಎಲ್866 ಸಾಲಿನದು ಅಥವಾ ಅದರ ನಂತರದ ಟಿ48. ಮೊದಲನೆಯದಕ್ಕೆ 40 ಕಾಲಿನ ಸಾಕೆಟ್, ಎರಡನೆಯದಕ್ಕೆ 48. ಲಿನಕ್ಸ್ ಬಳಸುವವರಿಗೆ ಮಿನಿಪ್ರೊ ಎಂಬ ಮುಕ್ತ ತಂತ್ರಾಂಶ ಇದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನಡೆಸಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ ಇದೇ ನೆಮ್ಮದಿ.

ಈಗ ಮುಖ್ಯ ಎಚ್ಚರಿಕೆ. ತಂತ್ರಾಂಶದಲ್ಲಿ ಚೆಕ್ ಐಡಿ ಎಂಬ ಆಯ್ಕೆ ಇರುತ್ತದೆ, ಸಾಮಾನ್ಯವಾಗಿ ಮೊದಲೇ ಟಿಕ್ ಆಗಿರುತ್ತದೆ. ಅದನ್ನು ತೆಗೆಯಿರಿ. ಆ ಆಯ್ಕೆ ಚಿಪ್ಪಿನ ಎ9 ಎಂಬ ಕಾಲಿಗೆ ಸುಮಾರು 12 ವೋಲ್ಟ್ ಕೊಟ್ಟು ನೀನು ಯಾರು ಎಂದು ಕೇಳುತ್ತದೆ. ಈಪ್ರಾಮಿಗೆ ಆ ಪ್ರಶ್ನೆ ಗೊತ್ತು. ಮಾಸ್ಕ್ ರೋಮಿಗೆ ಗೊತ್ತಿಲ್ಲ, 5 ವೋಲ್ಟಿಗೆ ಮಾಡಿದ ಕಾಲಿಗೆ 12 ಬಿದ್ದರೆ ಅದು ಸುಟ್ಟುಹೋಗಬಹುದು. ಇದರ ಜೊತೆ ರೀಡ್ ಗುಂಡಿಯ ಪಕ್ಕದಲ್ಲೇ ಪ್ರೋಗ್ರಾಮ್ ಗುಂಡಿ ಇರುತ್ತದೆ. ಬೆರಳು ಎಲ್ಲಿದೆ ನೋಡಿ ಒತ್ತಿ.

ಒಂದು ಸಲ ಓದಿದ್ದು ಓದಿದ ಹಾಗಲ್ಲ. ಮೂರು ಸಲ ಓದಿ ಮೂರು ಕಡತ ಮಾಡಿ. ಪ್ರತಿ ಓದಿನ ನಡುವೆ ಚಿಪ್ಪನ್ನು ಸಾಕೆಟ್ಟಿನಿಂದ ತೆಗೆದು ಮತ್ತೆ ಕೂರಿಸಿ. ಆಮೇಲೆ ಮೂರರದ್ದೂ ಎಸ್‌ಎಚ್‌ಎ-1 (ಕಡತದ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ಹಾಕಿಸಿ. ಒಂದೇ ಬಂದರೆ ಸರಿ. ಒಂದೇ ಒಂದು ಬಿಟ್ ಹೆಚ್ಚುಕಡಿಮೆಯಾದರೂ ಲೆಕ್ಕ ಪೂರ್ತಿ ಬದಲಾಗುತ್ತದೆ. ಬೇರೆ ಬೇರೆ ಬಂದರೆ ಕಾಲು ಮತ್ತೆ ಒರೆಸಿ. ಆಗಲೂ ಹಾಗೇ ಆದರೆ ಚಿಪ್ಪಿಗೆ ಕೊಡುವ ವೋಲ್ಟೇಜನ್ನು 5ರ ಆಚೀಚೆ ತುಸು ಬದಲಿಸಿ ನೋಡಿ. ಮರೆಯಲು ಶುರು ಮಾಡಿದ ಈಪ್ರಾಮ್ ಕೆಲವೊಮ್ಮೆ ಒಂದು ವೋಲ್ಟೇಜಿಗೆ ಸುಳ್ಳು ಹೇಳಿ ಇನ್ನೊಂದಕ್ಕೆ ನಿಜ ಹೇಳುತ್ತದೆ.

ಬಂದದ್ದು ನಿಜವೋ ಎಂದು ತಿಳಿಯಲು ಹೆಕ್ಸ್ ಎಡಿಟರಿನಲ್ಲಿ (ಕಡತದ ಬೈಟುಗಳನ್ನು ಒಂದೊಂದಾಗಿ ತೋರಿಸುವ ತಂತ್ರಾಂಶದಲ್ಲಿ) ತೆರೆಯಿರಿ. ಎಲ್ಲ ಕಡೆ ಎಫ್‌ಎಫ್ ತುಂಬಿದ್ದರೆ ಚಿಪ್ ಖಾಲಿ ಅಥವಾ ಕಾಲು ತಾಗಿಲ್ಲ. ಮೊದಲರ್ಧ ಮತ್ತು ಎರಡನೇ ಅರ್ಧ ಅಚ್ಚೊತ್ತಿದ ಹಾಗೆ ಒಂದೇ ಇದ್ದರೆ ಗಾತ್ರ ತಪ್ಪು ಆರಿಸಿದ್ದೀರಿ ಅಥವಾ ಮೇಲಿನ ಒಂದು ಅಡ್ರೆಸ್ ಕಾಲು (ಯಾವ ಬೈಟು ಬೇಕೆಂದು ಹೇಳುವ ಕಾಲು) ತಾಗುತ್ತಿಲ್ಲ. ಪ್ರೋಗ್ರಾಮ್ ರೋಮ್ ಆದರೆ ಬಲಗಡೆಯ ಸಾಲಿನಲ್ಲಿ ಪಿಯಾನೊ, ಬ್ರಾಸ್ ಎಂದು ದನಿಗಳ ಹೆಸರು ಕಾಣಿಸಬೇಕು. ಹೆಸರುಗಳಲ್ಲಿ ಒಂದು ಬಿಟ್ಟು ಒಂದು ಅಕ್ಷರ ಮಾತ್ರ ಇದ್ದರೆ ಗಾಬರಿಯಾಗಬೇಡಿ. ಅದು ಜೋಡಿ ಚಿಪ್ಪು. ಸಮ ಬೈಟು ಒಂದರಲ್ಲಿ, ಬೆಸ ಬೈಟು ಪಕ್ಕದ್ದರಲ್ಲಿ. ಎರಡನ್ನೂ ಓದಿ ಹೆಣೆದರೆ ಹೆಸರು ಪೂರ್ತಿಯಾಗುತ್ತದೆ.

ವೇವ್ ರೋಮಿನ ಪ್ರತಿ ನಿಮ್ಮ ಕೈಯಲ್ಲಿದ್ದರೂ ಅದನ್ನು ಆಡಿಯೋ ತಂತ್ರಾಂಶದಲ್ಲಿ ಹಾಕಿದರೆ ಬರೀ ಕರಕರ ಕೇಳುತ್ತದೆ. ಎಂಟಿ-32, ಎಸ್‌ಸಿ-55 ಎರಡರಲ್ಲೂ ಬಿಟ್ಟುಗಳ ಕ್ರಮವನ್ನು ಕಲಸಿ ಇಟ್ಟಿದ್ದಾರೆ. ಎಂಟಿ-32ರ ಅನುಕರಣೆ ಮಾಡುವ ಮಂಟ್, ಎಸ್‌ಸಿ-55ರದನ್ನು ಮಾಡುವ ನ್ಯೂಕ್ಡ್ ಎಸ್‌ಸಿ-55 ಆ ಗಂಟು ಬಿಚ್ಚಿಯೇ ದನಿ ಹೊರಡಿಸುತ್ತವೆ. ನಿಮ್ಮ ಮೂಲ ಕಡತವನ್ನು ಕಲಸಿದ ಸ್ಥಿತಿಯಲ್ಲೇ ಇಟ್ಟುಕೊಳ್ಳಿ. ಚಿಪ್ ಹೇಗಿದೆಯೋ ಹಾಗೆ. ತಿದ್ದಿದ್ದು ಬೇಕಿದ್ದರೆ ಬೇರೆ ಕಡತ ಮಾಡಿ.

ಹೆಸರಿಡುವಾಗ ಸೋಮಾರಿತನ ಬೇಡ. ಮಾಡ್ಯೂಲಿನ ಹೆಸರು, ವರ್ಶನ್, ಬೋರ್ಡಿನ ಐಸಿ ಸಂಖ್ಯೆ, ಚಿಪ್ಪಿನ ನಂಬರ್, ಓದಿದ ತಾರೀಕು, ಇಷ್ಟೂ ಕಡತದ ಹೆಸರಿನಲ್ಲೇ ಇರಲಿ. ಹೊಸದು, ಹೊಸದು-2, ಫೈನಲ್ ಎಂದು ಹೆಸರಿಟ್ಟ ನನ್ನ ಹಳೇ ಕಡತಗಳು ಯಾವುದರದ್ದೆಂದು ನನಗೇ ಗೊತ್ತಿಲ್ಲ. ಫೋಟೋಗಳೂ ಅದೇ ಫೋಲ್ಡರಿನಲ್ಲಿರಲಿ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಕಡಲಿನಿಂದ ದೂರ, ಘಟ್ಟದ ಮೇಲಿನ ನೆಂಟರ ಮನೆಯಲ್ಲಿ.

ಕಡತವನ್ನು ಅವರಿವರಿಗೆ ಹಂಚಬಹುದಾ ಎಂದು ಕೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ, ಕಂಪ್ಯೂಟರ್ ಪ್ರೋಗ್ರಾಮನ್ನು ಕಾನೂನುಬದ್ಧವಾಗಿ ಹೊಂದಿದವರು ಅದು ನಾಶವಾದರೆ ಇರಲಿ ಎಂದು ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಇದೆ. ಊರಿಗೆಲ್ಲ ಹಂಚಲು ಅದು ಪರವಾನಗಿ ಅಲ್ಲ. ನಾನು ಎಸ್‌ಎಚ್‌ಎ-1 ಲೆಕ್ಕವನ್ನು ಮಾತ್ರ ಹಂಚಿಕೊಳ್ಳುತ್ತೇನೆ. ಹಳೇ ಯಂತ್ರಗಳ ರೋಮ್ ದಾಖಲಿಸುವ ಮೇಮ್ ಯೋಜನೆಯವರ ಪಟ್ಟಿಯಲ್ಲಿ ಇಂಥ ಲೆಕ್ಕಗಳು ಸಿಗುತ್ತವೆ. ಅದರ ಜೊತೆ ಕೂಡಿ ಬಂದರೆ ನಿಮ್ಮ ಓದು ಸರಿ ಎಂದಾಯಿತು.

ಮರಳಿ ಕೂರಿಸುವುದು, ಕಾಪಾಡುವುದು

ಕಾಲು ಗಟ್ಟಿ ಇದ್ದರೆ ಅದೇ ಚಿಪ್ಪನ್ನು ಮರಳಿ ಹಾಕಿ. ಕಾಲು ತುಕ್ಕು ಹಿಡಿದಿದ್ದರೆ ಹೊಸ ಚಿಪ್ಪಿಗೆ ಪ್ರತಿ ಬರೆದು ಅದನ್ನು ಕೂರಿಸಿ, ಮೂಲದ್ದನ್ನು ಎತ್ತಿಡಿ. ವಿನ್‌ಬಾಂಡಿನ ಡಬ್ಲ್ಯು27ಸಿ512 ಒಳ್ಳೆಯ ಆಯ್ಕೆ. ಅದಕ್ಕೆ ಕಿಟಕಿಯೂ ಬೇಡ, ಅತಿನೇರಳೆ ದೀಪವೂ ಬೇಡ, ಪ್ರೋಗ್ರಾಮರಿನಲ್ಲೇ ಅಳಿಸಬಹುದು. 27ಸಿ256ರ ಜಾಗಕ್ಕೆ ಹಾಕುವುದಾದರೆ ಅದೇ 32 ಕೆಬಿಯನ್ನು ಎರಡು ಸಲ ಬರೆಯಿರಿ, ಮೇಲಿನ ಅರ್ಧವೋ ಕೆಳಗಿನ ಅರ್ಧವೋ ಎಂಬ ಚಿಂತೆಯೇ ಇರುವುದಿಲ್ಲ. ಪೇಟೆಯಲ್ಲಿ ಹೊಸದೆಂದು ಮಾರುವ ಈ ಚಿಪ್ಪುಗಳಲ್ಲಿ ಬಳಸಿ ಬಣ್ಣ ಹಚ್ಚಿದ್ದೂ ಇರುತ್ತವೆ. ಬರೆಯುವ ಮೊದಲು ಖಾಲಿ ಇದೆಯೇ ಎಂದು ನೋಡಿಕೊಳ್ಳಿ.

ಕಿಟಕಿಗೆ ಸ್ಟಿಕ್ಕರ್ ಹೋಗಿದ್ದರೆ ಅಲ್ಯುಮಿನಿಯಂ ಫಾಯಿಲ್ ಟೇಪಿನ ಚೂರು ಹಚ್ಚಿ. ಕಾಲುಗಳಿಗೆ ತಾಗಬಾರದು ಅಷ್ಟೆ. ಕಪ್ಪು ಇನ್ಸುಲೇಶನ್ ಟೇಪ್ ನಮ್ಮ ಸೆಕೆಗೆ ಕರಗಿ ಅಂಟಂಟಾಗಿ ಜಾರುತ್ತದೆ.

ಎತ್ತಿಡುವ ಚಿಪ್ಪನ್ನು ಕಪ್ಪು ಕಂಡಕ್ಟಿವ್ ಫೋಮಿಗೆ ಚುಚ್ಚಿ. ಬಿಳಿ ಥರ್ಮಾಕೋಲಿಗೆ ಚುಚ್ಚಬೇಡಿ, ಸ್ಥಿರವಿದ್ಯುತ್ತಿಗೆ ಅದೇ ತವರುಮನೆ. ಆಮೇಲೆ ಗಾಳಿಯಾಡದ ಡಬ್ಬಿ, ಜೊತೆಗೆ ಸಿಲಿಕಾ ಜೆಲ್ ಚೀಲ. ನೀಲಿ ಹರಳು ಗುಲಾಬಿಯಾದರೆ ನೀರು ಕುಡಿದಿದೆ ಎಂದರ್ಥ, ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಮೃಗಶಿರ ಮಳೆ ಹಿಡಿಯುವ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ನೋಡಿದರೆ ಸಾಕು. ಮಳೆಗಾಲಕ್ಕೆ ಸಾಮಾನು ಬೆಚ್ಚಗಿಡುವ ವಿದ್ಯೆ ನಮ್ಮ ಅಡುಗೆಮನೆಯವರಿಗೆ ಯಾರೂ ಕಲಿಸಬೇಕಾಗಿಲ್ಲ, ಅಲ್ವಾ?

ಶಿರಸಿಯವರ ಪೆಟ್ಟಿಗೆಯ ಕತೆ ಹೇಳಿ ಮುಗಿಸುತ್ತೇನೆ. ಸ್ಟಿಕ್ಕರ್ ಕಳೆದುಕೊಂಡ ಆ ಚಿಪ್ ಮೂರು ಸಲವೂ ಒಂದೇ ಲೆಕ್ಕ ಕೊಟ್ಟಿತು, ದನಿಗಳ ಹೆಸರೆಲ್ಲ ನೆಟ್ಟಗಿದ್ದವು. ಅಂಗಳದಲ್ಲಿ ಪೆಟ್ಟಿಗೆಯ ಗೋಡೆಯ ನೆರಳು ಅದರ ಮೇಲೆ ಬಿದ್ದಿರಬೇಕು. ಕೆಟ್ಟಿದ್ದು ಆ ಚಿಪ್ಪೇ ಅಲ್ಲ, ಅಡಾಪ್ಟರಿನಿಂದ ಬಂದದ್ದನ್ನು 5 ವೋಲ್ಟಿಗೆ ಇಳಿಸಿ ಕೊಡುವ ರೆಗ್ಯುಲೇಟರ್. ಮೂಲ ಅಡಾಪ್ಟರ್ ಕಳೆದುಹೋಗಿ ಇನ್ಯಾವುದೋ ಚುಚ್ಚಿದ್ದರಂತೆ. ಅದನ್ನು ಬದಲಿಸಿದ ಮೇಲೆ ಪೆಟ್ಟಿಗೆ ಹಾಡಿತು. ಕಾಲು ಸವೆದಿದ್ದ ಮೂಲ ಚಿಪ್ಪಿನ ಬದಲು ಪ್ರತಿ ಹಾಕಿ ಕಳಿಸಿದೆ. ಮೂಲದ್ದು ಈ ಮಳೆಗಾಲ ನಮ್ಮಲ್ಲೇ ಇರಲಿ ಎಂದರು. ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಹಲಸಿನ ಹಪ್ಪಳದ ಡಬ್ಬಿಗಳ ಸಾಲಿನಲ್ಲಿದೆ. ಡಬ್ಬಿಯ ಮೇಲೆ ಅಮ್ಮ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: ಕರಿಯುವಂಥದ್ದಲ್ಲ.